ಮೂರು ಬೆರಳು

"ಅಲ್ಲೇ ನಿಂತ್ಕಳಮ್ಮ" ಎಂದು ಪಂಚಪ್ಪ ಕೈ ಅಡ್ಡ ಹಿಡಿದಾಗ ಮುಸರ್ರತ್ ಒಂದು ಕಾಲಿನ ಚಪ್ಪಲಿ ಬಿಟ್ಟು ಇನ್ನೊಂದನ್ನು ಬಿಡುವುದರಲ್ಲಿದ್ದಳು. "ನಿಮ್ಮ ಆಸ್ಪತ್ರೆಯೋರು ಕೊಟ್ಟ ಗುಳಿಗೆ ತಿಂದ್ಕಂಡೇ ನಮ್ಮ ಭಾವ ಓಗ್ಬುಟ್ಟ. ಇನ್ನೇನ್ ಉಳ್ದದೆ ಅಂತ ಬಂದೆ?"

"ಮುಖ ನೋಡೋಕೆ ಬಂದೆ ಅಣ್ಣ. ಆರು ವರ್ಷ ಜೊತೇಲಿ ಕೆಲಸ ಮಾಡಿದೀನಿ."

"ನೋಡ್ಕೊ. ದೂರದಿಂದ ನೋಡ್ಕೊಂಡು ಓಗ್ತಾ ಇರು. ಇವತ್ತು ಮಣ್ಣಾಗ್ಲಿ, ಆಮ್ಯಾಕೆ ಆಸ್ಪತ್ರೆಯೋರು ಒಬ್ರೂ ಈ ಹೊಸ್ಲು ತುಳಿಯಂಗಿಲ್ಲ. ನಾಡಿದ್ದು ಹಾಲುತುಪ್ಪ ಆಯ್ತಿದ್ದಂಗೆ ನಮ್ಮಕ್ಕನ್ನ ನಾನು ಊರಿಗೆ ಕರ್ಕೊಂಡ್ ಓಗ್ತೀನಿ."

ಪಂಚಪ್ಪ ಸತ್ತವನ ಹೆಂಡತಿಯ ತಮ್ಮ. ದೊಡ್ಡಬಳ್ಳಾಪುರದ ಆಚೆ ಅವನ ಹಳ್ಳಿ. ಅಲ್ಲಿಗೆ ಹೋದಮೇಲೆ ಆ ಹೆಂಗಸನ್ನು ಯಾವ ಡಾಕ್ಟರೂ ನೋಡುವ ಹಾಗಿಲ್ಲ. ಮುಸರ್ರತ್ ತನ್ನ ಬಟ್ಟೆಚೀಲವನ್ನು ಎದೆಗೆ ಒತ್ತಿಕೊಂಡಳು. ಚೀಲದಲ್ಲಿ ಒಂದು ಟಾರ್ಚು, ಆ ಹೆಂಗಸಿನ ಹೆಸರಿನ, ಇನ್ನೂರ ಹನ್ನೆರಡನೇ ನಂಬರಿನ ಒಂದು ಕಾರ್ಡು. ಆ ಕಾರ್ಡಿನವಳ ಬಾಯಿಯನ್ನು ಇವತ್ತೇ ನೋಡಬೇಕು, ಬುಧವಾರ, ಹನ್ನೆರಡಕ್ಕೆ ರಾಹುಕಾಲ ಹುಟ್ಟುವುದಕ್ಕೆ ಮುಂಚೆ ಹೆಣ ಎತ್ತುತ್ತಾರೆ, ಅಷ್ಟರೊಳಗೆ. ಆಗಲೇ ಹತ್ತೂವರೆ ಆಗಿತ್ತು.

"ಬಿಡೋ ಪಂಚಪ್ಪ, ಸಾವಿನ ಮನೇಲಿ ಬಾಗ್ಲು ಕಾಯ್ತಾರೇನೋ?" ಎಂದು ಚಪ್ಪರದ ಕೆಳಗಿಂದ ಮುನಿಶಾಮಪ್ಪ ಗದರಿದ. ಅವನ ಬಲಗೆನ್ನೆ ಹೊಲಿಗೆ ಬಿದ್ದು ಒಳಕ್ಕೆ ಎಳೆದುಕೊಂಡಿತ್ತು, ಮಾತು ಒಂದೇ ಪಕ್ಕದಿಂದ ಬರುತ್ತಿತ್ತು. "ಈ ಮುಸ್ರತಮ್ಮನೂ ನಿಮ್ಮ ಭಾವನೂ ಇಲ್ದಿದ್ರೆ ನನಗೆ ತಿಥಿ ಮಾಡಿ ಆರು ವರ್ಷ ಆಗಿರೋದು. ಬಾರಮ್ಮ ನೀನು."

ಬ್ಯಾಟರಾಯನಪುರದ ಅರ್ಧ ಊರು ಆ ಅಂಗಳದಲ್ಲಿತ್ತು. ದ್ರಾಕ್ಷಿ ತೋಟದ ಕೆಲಸ ಬಿಟ್ಟು ಬಂದ ಹೆಂಗಸರು, ಹೆಬ್ಬಾಳದಿಂದ ಬಸ್ಸಿನಲ್ಲಿ ಬಂದ ನೆಂಟರು, ಬಾಗಿಲ ಹತ್ತಿರ ತಮಟೆಯವರು. ನಡುವೆ ಬೆಂಚಿನ ಮೇಲೆ ಚಿಕ್ಕಮಾರಯ್ಯ. ಕಾಮಾಲೆಯಲ್ಲಿ ಹೋದ ಜೀವ, ಮೈಗೆಲ್ಲ ಅರಿಶಿನ ಬಳಿದ ಹಾಗೆ ಹಳದಿ. ಗದ್ದದಿಂದ ನೆತ್ತಿಗೆ ಬಿಳಿ ಬಟ್ಟೆ ಸುತ್ತಿ ಬಾಯಿ ಬಿಗಿದಿದ್ದರು. ಎಂಟು ವರ್ಷ ಊರವರ ಬಾಯಿ ತೆರೆಸಿದ ಮನುಷ್ಯ! ಮುಸರ್ರತ್‌ಗೆ ಅಳು ಒತ್ತರಿಸಿ ಬಂತು.

*

ಎಪ್ಪತ್ತೇಳರಲ್ಲಿ ಆಸ್ಪತ್ರೆಯವರು ಬಾಯಿ ಸರ್ವೇ ಶುರುಮಾಡಿದಾಗ ಚಿಕ್ಕಮಾರಯ್ಯನ ಕೈಗೆ ಒಂದು ಟಾರ್ಚು, ಹಿಡಿಯಿರುವ ಪುಟ್ಟ ಕನ್ನಡಿ, ಕಟ್ಟು ಕಾರ್ಡು ಕೊಟ್ಟಿದ್ದರು. ಎಲೆಅಡಿಕೆ, ಹೊಗೆಸೊಪ್ಪು, ಕಡ್ಡಿಪುಡಿ ಹಾಕುವವರ ಬಾಯಿಯೊಳಗೆ ಬಿಳಿ ಮಚ್ಚೆ ಇದೆಯೇ, ಕೆಂಪು ಹುಣ್ಣಿದೆಯೇ, ವರ್ಷಕ್ಕೊಮ್ಮೆ ಮನೆಮನೆಗೂ ಹೋಗಿ ನೋಡಿ ಬರೆಯಬೇಕು. ಆ ಮಚ್ಚೆ ಕ್ಯಾನ್ಸರ್ ಆಗುವುದಕ್ಕೆ ಮುಂಚೆಯೇ ಕಂಡುಹಿಡಿದರೆ ಎಷ್ಟು ಜನ ಉಳಿಯುತ್ತಾರೆ ಎಂಬುದು ದೊಡ್ಡ ಡಾಕ್ಟರ ಸಂಶೋಧನೆ. ಡಾಕ್ಟರೇನೋ ಆಸ್ಪತ್ರೆಯಲ್ಲಿ ಕುಳಿತು ಹೇಳಿಬಿಟ್ಟರು. ಹೇಳಿ ನೋಡೋಣ, ನಡುಮಧ್ಯಾಹ್ನ ಬಾಗಿಲು ತಟ್ಟಿ "ಬಾಯಿ ತೆಗೀರಿ" ಅಂದರೆ ಯಾರು ತಾನೇ ತೆಗೆಯುತ್ತಾರೆ?

ನಾಯಿ ಛೂ ಬಿಟ್ಟವರಿದ್ದರು. ಕುದುರೆ ವ್ಯಾಪಾರಕ್ಕೆ ಬಂದೆಯೇನೋ, ಹಲ್ಲು ಎಣಿಸುತ್ತೀಯಾ ಎಂದವರಿದ್ದರು. ಮಾರಯ್ಯ ನಕ್ಕು ಜಗಲಿ ಮೇಲೆ ಕುಳಿತುಬಿಡುತ್ತಿದ್ದ. ಮೊದಲು ತನ್ನ ಬಾಯಿಗೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ತೂರಿಸಿ ತೋರಿಸುತ್ತಿದ್ದ. "ನೋಡ್ರಪ್ಪ, ಮೂರು ಬೆರಳು ಹೋಗ್ಬೇಕು. ಎರಡೇ ಹೋದ್ರೆ ಒಳಗೆ ದವಡೆ ಬಿಗೀತಾ ಅದೆ ಅಂತ ಲೆಕ್ಕ." ಮಕ್ಕಳು ಮೊದಲು ಮಾಡುತ್ತಿದ್ದರು, ಆಮೇಲೆ ಮುದುಕರು. ಆಮೇಲೆ ಅವನು ಟಾರ್ಚು ಹಾಕಿ, "ಆ ಅನ್ನಿ... ಇನ್ನೂ ಒಂಚೂರು" ಎನ್ನುತ್ತಿದ್ದ. ಬಾಯಿ ಮಾರಯ್ಯ ಎಂದೇ ಊರು ಹೆಸರಿಟ್ಟಿತು.

ಹೆಂಗಸರು ಮಾತ್ರ ಸೆರಗು ತೆಗೆಯಲಿಲ್ಲ. ಅದಕ್ಕೇ ಎಪ್ಪತ್ತೊಂಬತ್ತರಲ್ಲಿ ಯಲಹಂಕದ ಮುಸರ್ರತ್‌ಳನ್ನು ಕೆಲಸಕ್ಕೆ ತೆಗೆದುಕೊಂಡದ್ದು. ಕೆಲಸ ಕಲಿಸಿದವನು ಮಾರಯ್ಯ. ಊರಿನ ಹೆಂಗಸರ ಕಾರ್ಡೆಲ್ಲ ಅವಳ ಕೈಗೆ ಬಂತು, ಅವನ ಹೆಂಡತಿ ಮುನಿಕೆಂಪಮ್ಮನದೊಂದು ಬಿಟ್ಟು. "ನಮ್ಮನೇದು ನಾನೇ ನೋಡ್ಕತೀನಿ ಬಿಡಮ್ಮ" ಎಂದಿದ್ದ. ಆ ಕಾರ್ಡಿನಲ್ಲಿ ಮೂರು ವರ್ಷದಿಂದ ಒಂದೇ ಮಾತು: ಒಪ್ಪಲಿಲ್ಲ. ಒಪ್ಪಲಿಲ್ಲ. ಒಪ್ಪಲಿಲ್ಲ.

ಎಂಬತ್ತರಲ್ಲಿ ದೊಡ್ಡ ಡಾಕ್ಟರು ಕಾರ್ಡು ತಪಾಸಣೆಗೆಂದು ಬಂದವರು ಅದನ್ನು ಎತ್ತಿ ಹಿಡಿದರು. "ಏನ್ರೀ ಮಾರಯ್ಯ, ಊರೆಲ್ಲ ನಿಮ್ಮ ಮುಂದೆ ಬಾಯಿ ತೆಗೆದಿದೆ, ನಿಮ್ಮ ಮನೆಯವರು ಮಾತ್ರ ತೆಗೀಲಿಲ್ವಾ? ಅಥವಾ ಮನೇಲಿ ಬಾಯಿ ತೆಗೆಯೋದು ಜಾಸ್ತೀನೋ?" ಕೋಣೆಯೆಲ್ಲ ಗೊಳ್ಳೆಂದಿತು. ಮಾರಯ್ಯನೂ ನಕ್ಕ. ಮುಸರ್ರತ್ ಕೂಡ ನಕ್ಕಿದ್ದಳು, ಹೊಟ್ಟೆ ಹಿಡಿದುಕೊಂಡು.

*

"ಯಾವುದು ಕೊಟ್ರಿ? ಈಗ್ಲಾದ್ರೂ ಹೇಳು" ಎಂದು ಪಂಚಪ್ಪ ಚಪ್ಪರದ ಕೆಳಗೂ ಬಿಡಲಿಲ್ಲ. "ಈಲಿ ಕೆಟ್ಟೋಗದೆ ಅಂತ ನಾಲ್ಕು ತಿಂಗ್ಳು ಗುಳಿಗೆ ನುಂಗ್ಸಿದ್ರಲ್ಲ, ಅದ್ರೊಳಗೆ ಔಸ್ದಿ ಇತ್ತಾ, ಬರೀ ಹಿಟ್ಟಿತ್ತಾ?"

ತಮಟೆಯವನು ಕೈ ನಿಲ್ಲಿಸಿದ. ಅಂಗಳದ ಕಣ್ಣೆಲ್ಲ ಮುಸರ್ರತ್ ಮೇಲೆ ಬಿತ್ತು.

"ನನಗೆ ಗೊತ್ತಿಲ್ಲ ಅಣ್ಣ. ಕೊಟ್ಟ ಡಾಕ್ಟರಿಗೂ ಗೊತ್ತಿರಲ್ಲ. ಅರ್ಧ ಜನಕ್ಕೆ ನೆಲನೆಲ್ಲಿ ಔಷಧಿ, ಅರ್ಧ ಜನಕ್ಕೆ ಸುಮ್ನೆ ಪುಡಿ. ಯಾರಿಗೆ ಯಾವುದು ಅಂತ ಎಲ್ಲಾ ಮುಗಿದ್ಮೇಲೇ ನೋಡೋದು. ಹಂಗೇ ಮಾಡೋದು ಅದು."

"ಕೇಳಿದ್ರಾ? ಕೇಳಿದ್ರಾ ಇವ್ರ ನ್ಯಾಯಾನ?"

"ಮಾರಯ್ಯ ಗೊತ್ತಿದ್ದೇ ಸೈನ್ ಹಾಕ್ದ ಕಣೋ" ಎಂದ ಮುನಿಶಾಮಪ್ಪ. "ನಾನೇ ಕೇಳಿದೆ, ಹಿಟ್ಟು ಬಂದ್ರೆ ಏನ್ಲಾ ಮಾಡ್ತೀಯ ಅಂತ. ಹಿಂದೆ ಬರೋನಿಗಾದ್ರೂ ಔಸ್ದಿ ಸಿಕ್ತದಲ್ಲ ಅಂದ. ಬೇರೆ ಔಸ್ದಿ ಇದ್ದಿದ್ರೆ ಕೊಡ್ತಿರ್ಲಿಲ್ವಾ? ಇಲ್ಲ ಅಂತ್ಲೇ ತಾನೇ ಹುಡುಕ್ತಿರೋದು?"

"ನಿನ್ ಬಾಯಿ ಉಳ್ಸವ್ರೆ, ನೀನ್ ಮಾತಾಡ್ತೀಯ!" ಎಂದು ಪಂಚಪ್ಪ ಟವೆಲು ಕೊಡವಿ ಎದ್ದ. ಇಬ್ಬರು ಅವನನ್ನು ಹಿಡಿದು ಕೂರಿಸಿದರು. ಮುಸರ್ರತ್ ಆ ಗಲಾಟೆಯಲ್ಲೇ ಜಾರಿ ಹೆಂಗಸರ ನಡುವೆ ಹೋಗಿ ಕುಳಿತಳು.

ಮುನಿಕೆಂಪಮ್ಮ ಗೋಡೆಗೊರಗಿದ್ದಳು. ಸುತ್ತಲಿನ ಹೆಂಗಸರು ಬಾಯಿ ತುಂಬಾ ಹಾಡಿಕೊಂಡು ಅಳುತ್ತಿದ್ದರೆ, ಗಂಡನನ್ನು ಕಳೆದುಕೊಂಡವಳು ಸೆರಗನ್ನು ಮೂಗಿನವರೆಗೆ ಒತ್ತಿ ಹಿಡಿದು ಒಳಗೊಳಗೇ ನರಳುತ್ತಿದ್ದಳು. ಕಲ್ಲೆದೆಯವಳು ಎಂದು ಯಾರೋ ಪಿಸುಗುಟ್ಟಿದರು. ಮುಸರ್ರತ್ ಮಾತ್ರ ಆ ಸೆರಗನ್ನೇ ನೋಡುತ್ತಿದ್ದಳು. ಯಾರೋ ಬಿಸಿ ಕಾಫಿ ತಂದು ಕೊಟ್ಟಾಗ ಮುನಿಕೆಂಪಮ್ಮ ಒಂದು ಗುಟುಕು ಎಡಗಡೆ ತಾಕುತ್ತಲೇ ಕಣ್ಣು ಬಿಗಿದು, ತಲೆ ಬಲಕ್ಕೆ ವಾಲಿಸಿ ನುಂಗಿದಳು.

*

ಎಂಟು ದಿನದ ಹಿಂದೆ, ವಾರ್ಡಿನ ಕಬ್ಬಿಣದ ಮಂಚದ ಮೇಲೆ, ಹೊಟ್ಟೆ ಊದಿಕೊಂಡು ಮಲಗಿದ್ದ ಮಾರಯ್ಯ ದಿಂಬಿನಡಿಯಿಂದ ಆ ಕಾರ್ಡನ್ನು ತೆಗೆದುಕೊಟ್ಟಿದ್ದ.

"ಡಾಕ್ಟರು ನಕ್ಕ ವರ್ಷ ನೆನಪದಾ ಮುಸ್ರತಮ್ಮ? ಅವತ್ತು ಸಾಯಂಕಾಲ ಸರಿಯಿದೆ ಅಂತ ಬರೆದುಬಿಟ್ಟೆ. ನೋಡ್ದೆ ಬರೆದೆ. ಒಂದ್ಸಲ ಬರೆದ್ಮೇಲೆ ಮರುವರ್ಷ ಒಪ್ಪಲಿಲ್ಲ ಅಂತ ಹೆಂಗೆ ಬರೀಲಿ? ಅದನ್ನೂ ಸರಿಯಿದೆ ಅಂದೆ. ಐದು ವರ್ಷ."

ಐದು ಸಾಲಿನಲ್ಲೂ ಅವನ ಗುಂಡಗಿನ ಅಕ್ಷರ. ಸರಿಯಿದೆ ಎಂದು ಬರೆದವರನ್ನು ಆಸ್ಪತ್ರೆಗೆ ಕರೆಸುವುದಿಲ್ಲ. ಅದು ಮುಸರ್ರತ್‌ಗೆ ಚೆನ್ನಾಗಿ ಗೊತ್ತು.

"ಒಂದು ವರ್ಷದಿಂದ ಸಾರಿಗೆ ಮೆಣಸಿನಕಾಯಿ ಹಾಕ್ತಾ ಇಲ್ಲ ಅವಳು. ಮುದ್ದೆ ಮುರಿಯೋದು ನೋಡ್ತೀನಿ, ದಿನಾ ಚಿಕ್ಕದು ಮಾಡ್ತಾಳೆ, ದಿನಾ ಚಿಕ್ಕದು. ಈಗ ಗೋಲಿಯಷ್ಟಕ್ಕೆ ಬಂದದೆ. ನನಗೆ ಗೊತ್ತಾಗಲ್ವಾ? ಊರೆಲ್ಲ ನೋಡಿದೋನು ನಾನು." ಅವನ ಹಳದಿ ಕಣ್ಣಿನಿಂದ ನೀರು ಕಿವಿಗಿಳಿಯಿತು. "ನಾನು ಕೇಳಿದ್ರೆ ಎಲೆಅಡಿಕೆ ಸಂಚಿ ಎತ್ಕೊಂಡು ಆಚೆ ಹೋಗಿಬಿಡ್ತಾಳೆ. ನೀನು ನೋಡು. ನೋಡಿ, ನಾನು ಬರೆದಿದ್ದನ್ನ ಅಡ್ಡಗೆರೆ ಎಳೆದು ಹೊಡೆದು ಹಾಕು. ತಡ ಮಾಡ್ಬೇಡ ತಾಯಿ."

ಅವಳು ತಡ ಮಾಡಿದಳು. ಇವನು ಮನೆಗೆ ಬಂದಮೇಲೆ ಇವನ ಎದುರಿಗೇ ನೋಡಿದರಾಯಿತು ಎಂದುಕೊಂಡಳು. ಬಂದದ್ದು ಹೆಣ.

*

"ಅಕ್ಕ" ಎಂದಳು ಮುಸರ್ರತ್ ಕಿವಿಯ ಹತ್ತಿರ ಬಗ್ಗಿ. "ಹಿತ್ತಲಿಗೆ ಬನ್ನಿ, ಐದು ನಿಮಿಷ. ಬಾಯಿ ಒಂದ್ಸಲ ನೋಡ್ತೀನಿ. ಅವರು ಹೇಳಿ ಹೋಗಿದ್ದಾರೆ."

"ಈವತ್ತಾ? ನಿಂಗೇನ್ ತಲೆ ಕೆಟ್ಟದಾ?"

"ಈವತ್ತೇ. ಸರಿಯಿದೆ ಅಂತ ಸುಳ್ಳು ಬರೆದುಬಿಟ್ಟೆ ಅಂತ ಅತ್ತುಬಿಟ್ರು ಅಕ್ಕ."

ಮುನಿಕೆಂಪಮ್ಮ ಸೆರಗಿನ ಮೇಲಿಂದ ದಿಟ್ಟಿಸಿದಳು. "ಸುಳ್ಳು ಬರೆದ್ನಾ? ಅವ್ನಾ?"

"ನಿಮಗೋಸ್ಕರ. ನೀವು ನಗೆಪಾಟಲಾಗ್ಬಾರ್ದು ಅಂತ."

ಮುನಿಕೆಂಪಮ್ಮ ಸೆರಗನ್ನು ಇನ್ನಷ್ಟು ಬಿಗಿದುಕೊಂಡಳು. ಆಮೇಲೆ ತುಟಿ ಅಲುಗಿಸದೆ ಹೇಳಿದಳು, "ನಮ್ಮವ್ವ ಇದ್ರಾಗೇ ಸತ್ಲು. ಕೆನ್ನೆ ತೂತಾಗಿ ಕುಡಿದ ಗಂಜಿ ಆಚೆ ಬರೋದು. ನೋಡಿದ್ರೆ ತಾನೇ ಅದೆ ಅನ್ನೋದು? ನೋಡ್ಬ್ಯಾಡ. ಅವ್ನಿಗೇ ತೋರಿಸ್ಲಿಲ್ಲ, ನಿಂಗೆ ತೋರಿಸ್ಲಾ?"

"ಏನಮ್ಮಾ ಅದು ಗುಸುಗುಸು?" ಪಂಚಪ್ಪ ಹೆಂಗಸರ ಮಧ್ಯಕ್ಕೇ ನುಗ್ಗಿ ಬಂದಿದ್ದ. ಮುಸರ್ರತ್‌ಳ ಚೀಲದ ಬಾಯಿಂದ ಇಣುಕುತ್ತಿದ್ದ ಟಾರ್ಚನ್ನು ಕಂಡು ಅವನ ಮುಖ ಕೆಂಪೇರಿತು. "ಸತ್ತ ಮನೇಲೂ ನಿಮ್ಮ ಸರ್ವೇನಾ? ಗಂಡನ್ನ ತಿಂದಿದ್ದು ಸಾಲ್ದು ಅಂತ ಇವಳನ್ನೂ ಒಯ್ಯಕ್ಕೆ ಬಂದೆಯಾ? ಏಳು ಮೇಲೆ!"

ಅವಳು ಎದ್ದಳು. ಹೊರಗೆ ಹೋದರೆ ಮುಗಿಯಿತು, ಇನ್ನು ಈ ಬಾಗಿಲಿಲ್ಲ. ಯಾ ಅಲ್ಲಾ, ಎಂದುಕೊಂಡು ಒಂದು ಹೆಜ್ಜೆ ಹಿಂದಿಟ್ಟಳಷ್ಟೆ. ಅಷ್ಟರಲ್ಲಿ ಮುನಿಶಾಮಪ್ಪ ಕೂಗಿದ, "ಹನ್ನೊಂದೂಮುಕ್ಕಾಲು ಆಯ್ತು, ಬಾಯಿಗೆ ಅಕ್ಕಿ ಹಾಕೋರು ಬರ್ರಪ್ಪ, ಬೇಗ ಬೇಗ!"

ಗದ್ದದ ಬಟ್ಟೆಯನ್ನು ಬಿಚ್ಚಿದರು. ಮಾರಯ್ಯನ ಬಾಯಿ ಒಂದಿಷ್ಟು ತೆರೆದುಕೊಂಡಿತು. ಅಣ್ಣತಮ್ಮಂದಿರ ಮಕ್ಕಳು, ನೆಂಟರು, ಊರವರು ಒಬ್ಬೊಬ್ಬರಾಗಿ ಬಗ್ಗಿ ನಾಲ್ಕು ಕಾಳು ಅಕ್ಕಿ ಹಾಕಿದರು. ಮುನಿಶಾಮಪ್ಪ ಅಕ್ಕಿ ಹಾಕುವಾಗ ಸೊಟ್ಟ ಬಾಯಿಯಲ್ಲಿ ಮಗುವಿನಂತೆ ಅತ್ತ. ಪಂಚಪ್ಪ ತನ್ನ ಅಕ್ಕಿ ಹಿಡಿದುಕೊಂಡು ಅಕ್ಕನನ್ನು ತೋಳು ಹಿಡಿದು ಕರೆತಂದ. ಮುಸರ್ರತ್ ಹೆಣದ ತಲೆಯ ಕಡೆ, ಚಪ್ಪರದ ಕಂಬಕ್ಕೆ ಒತ್ತಿ ನಿಂತಿದ್ದಳು. ಅಲ್ಲಿಂದ ಅವಳನ್ನು ಅಟ್ಟಲು ಈಗ ಯಾರಿಗೂ ಪುರುಸೊತ್ತಿರಲಿಲ್ಲ.

ಮುನಿಕೆಂಪಮ್ಮ ಅಕ್ಕಿ ಹಿಡಿದ ಕೈಯನ್ನು ಗಂಡನ ಬಾಯಿಯವರೆಗೆ ಒಯ್ದಳು. ಅಲ್ಲೇ ನಿಂತಿತು ಕೈ.

"ಊರೋರ ಬಾಯೆಲ್ಲ ನೋಡ್ದೋನೇ" ಎಂದಳು. "ನಂಗೋಸ್ಕರ ಸುಳ್ಳು ಬರೆದ್ಯಂತಲ್ಲೋ ದೊರೆಯೇ. ಬಾಗ್ಲಾಗೆ ಕುಂತ್ಕೊಂಡು ಕೇಳ್ದಲ್ಲೋ, ಉಂಬೋ ಹೊತ್ನಾಗೆ ಕೇಳ್ದಲ್ಲೋ, ಒಂದ್ಸಲ ತೆಗಿಯೇ ಅಂದ್ಯಲ್ಲೋ, ತೆಗೀಲಿಲ್ವಲ್ಲೋ ನಾನು..."

ಅಳು ಒತ್ತಿ ಬಂತು. ಬಂದ ಅಳುವಿಗೆ ಬಾಯಿ ಸಾಲಲಿಲ್ಲ. ಅವಳು ಸೆರಗನ್ನು ಎರಡೂ ಕೈಯಿಂದ ಕಿತ್ತು ಎಸೆದಳು. ಅಕ್ಕಿ ಚೆಲ್ಲಿತು. ಗಂಡನ ಮುಚ್ಚಿದ ಕಣ್ಣಿನ ಮುಂದೆ ಮುಖ ತಂದು, "ತಗಾ, ನೋಡು! ನೋಡ್ಬೇಕು ಅಂತಿದ್ಯಲ್ಲ, ನೋಡ್ಕೊ ಈಗ!" ಎಂದು ಚೀರಿ ಬಾಯಿ ತೆರೆದಳು.

ಅದು ತೆರೆದದ್ದೇ ಅಷ್ಟು. ಅವಳು ಕತ್ತಿನ ನರ ಉಬ್ಬುವ ಹಾಗೆ ಎಳೆದಳು, ದವಡೆ ನಡುಗಿತು, ಬಾಯಿ ಇನ್ನೊಂದು ಕೂದಲೆಳೆಯಷ್ಟೂ ತೆರೆಯಲಿಲ್ಲ. ಕೈ ತಾನಾಗಿ ಬಂದು ಒಂದು ಬೆರಳು ಒಳಗೆ ಹೋಯಿತು, ಅದರ ಮೇಲೆ ಇನ್ನೊಂದು ಹೋಯಿತು. ಮೂರನೆಯದು ತುಟಿಗೆ ಒತ್ತಿಕೊಂಡು ಆಚೆಯೇ ಉಳಿಯಿತು. ಪಂಚಪ್ಪನ ಕೈಯ ಅಕ್ಕಿ ಕಾಳುಕಾಳಾಗಿ ಅವನ ಕಾಲ ಮೇಲೆ ಉದುರುತ್ತಿತ್ತು. ಅವನು ಅಕ್ಕನ ಬಾಯಿಂದ ಕಣ್ಣು ತೆಗೆಯಲಿಲ್ಲ.

ಮುಸರ್ರತ್ ಟಾರ್ಚು ಹೊತ್ತಿಸಿದಳು. ಹೆಣದ ಎದೆಯ ಮೇಲಿಂದ ಕೈ ಚಾಚಿ, ಆ ಬೆರಳುಗಳನ್ನು ಮೆಲ್ಲಗೆ ಹೊರಗೆ ಸರಿಸಿದಳು.

"ಆ ಅನ್ನಿ ಅಕ್ಕ... ಇನ್ನೂ ಒಂಚೂರು."

ಬೆಳಕು ಹಲ್ಲು ದಾಟಿ ಎಡಗೆನ್ನೆಯ ಒಳಗೆ ಹೋಗಿ, ಕೆನೆ ಒಣಗಿ ಅಂಟಿದಂತಿದ್ದ ಬಿಳಿ ಮಚ್ಚೆಯ ಮೇಲೆ ನಿಂತಿತು.