ಗುರವ್ವ ತಂದ ಮದುವೆ ಸಾಮಾನು

ಹೆಣಕ್ಕೆ ಉಡಿಸಲು ಒಳ್ಳೆಯ ಸೀರೆ ಹುಡುಕುತ್ತ ಫಕೀರವ್ವ ಟ್ರಂಕಿನ ತಳಕ್ಕೆ ಕೈ ಹಾಕಿದಳು. ಸಿಕ್ಕಿದ್ದು ಹಳೆಯ ಟವೆಲ್ಲಿನ ಗಂಟು. ಬಿಚ್ಚಿದರೆ ಗಿಲೀಟಿನ ಸರ, ಬೆಂಡೋಲೆ, ಡಾಬು, ಹಾಳೆಯಲ್ಲಿ ಸುತ್ತಿದ ಬಾಸಿಂಗ, ಒಂದು ಜೊತೆ ಬೆಳ್ಳಿ ಕಾಲುಂಗುರ.

ಪಡಸಾಲೆಯಲ್ಲಿ ಗುರವ್ವಳನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಮೊನ್ನೆ ಬಿಸಿಲಲ್ಲಿ ಹುಬ್ಬಳ್ಳಿಗೆ ಹೋಗಿ ಬಂದವಳು ತಲೆ ಸುತ್ತುತ್ತದೆಂದು ಮಲಗಿದ್ದಳು. ಇಂದು ಬೆಳಗಿಗೆ ಏಳಲಿಲ್ಲ. ಮಕ್ಕಳಿಲ್ಲದ ವಿಧವೆ, ಮನೆಯವಳೆಂದರೆ ಓರಗಿತ್ತಿ ಫಕೀರವ್ವ ಒಬ್ಬಳೇ.

ಗಂಟು ಯಾರದೆಂದು ಯಾರೂ ಕೇಳಬೇಕಿರಲಿಲ್ಲ. ಮಾದೇವಿಯ ಮಗಳು ಸಾವಂತ್ರಿಯ ಮದುವೆ ನಾಳೆ. ಮದುವೆ ಮನೆಯವಳು ಸಾವಿನ ಮನೆಗೆ ಕಾಲಿಡುವಂತಿಲ್ಲ. ಮಾದೇವಿ ಓಣಿಯ ತುದಿಯಲ್ಲಿ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು. ಅತ್ತದ್ದು ಗುರವ್ವಳಿಗಲ್ಲ, ಸಾಮಾನಿಗಾಗಿ ಎಂದು ಜನ ತಿಳಿದಾರೆಂಬ ನಾಚಿಕೆಗೆ ತಲೆ ಎತ್ತಿರಲಿಲ್ಲ.

*

ಗುರವ್ವಳ ಮದುವೆಯಾದಾಗ ಅವಳಿಗೆ ಹದಿನಾಲ್ಕು. ಮೈಮೇಲಿನ ಬಂಗಾರವೆಲ್ಲ ಊರ ಶ್ರೀಮಂತರೊಬ್ಬರ ಮನೆಯಿಂದ ಕೇಳಿ ತಂದದ್ದು. ಬೀಗರು ಇನ್ನೂ ಪಂಕ್ತಿಯಲ್ಲಿ ಕೂತಿರುವಾಗಲೇ ಆ ಮನೆಯ ಆಳು ಬಂದು ನಿಂತ. ತಾಯಿ ಎಲ್ಲರೆದುರು ಮಗಳ ಕೊರಳಿನ ಸರ ಬಿಚ್ಚಿ ಅವನ ಕೈಗಿಟ್ಟಳು. ಐದು ವರ್ಷಕ್ಕೆ ಗಂಡನೂ ಹೋದ.

ಮುಂದೆ ಗಂಡನ ಊರು ಯರಗುಪ್ಪಿಯಲ್ಲಿ ಕೈಲಾಗದವರ ಮನೆಯ ಮದುವೆಯೆಂದರೆ ಗುರವ್ವ ಹುಬ್ಬಳ್ಳಿಯ ಬಸ್ಸು ಹತ್ತುತ್ತಿದ್ದಳು. ಹತ್ತು ಅಂಗಡಿ ತಿರುಗಿ, ಗಿಲೀಟನ್ನು ಸೆರಗಿನ ಮೂಲೆಗೆ ಉಜ್ಜಿ, ಮೂಸಿ, ಮತ್ತೆ ಉಜ್ಜಿ ಆರಿಸುತ್ತಿದ್ದಳು. ಕೇಳಿದವರಿಗೆಲ್ಲ ಒಂದೇ ಮಾತು: "ಹಲಕಾ ಇದ್ರೂ ಚಿಂತಿಲ್ಲ, ಹುಡಿಗೀದು ಸ್ವಂತದ್ದು ಆಗಿರಬೇಕು. ಬಿಚ್ಚಿಕೊಡು ಅಂತ ಯಾರೂ ಬರಬಾರದು."

ತಾಳಿ ಕಟ್ಟಿ ಅಕ್ಕಿಕಾಳು ಹಾಕುವ ಹೊತ್ತಿಗೆ ಮಾತ್ರ ಆಕೆ ತನ್ನ ಮನೆಯಲ್ಲೇ ಇರುತ್ತಿದ್ದಳು. ವಿಧವೆಯನ್ನು ಹಂದರದೊಳಗೆ ಯಾರೂ ಕರೆಯುತ್ತಿರಲಿಲ್ಲ. ಊಟದ ತಾಟು ಮಾತ್ರ ಮನೆಗೆ ಬರುತ್ತಿತ್ತು.

*

ಹೆಣದ ಮನೆಯ ಸಾಮಾನನ್ನು ಮದುಮಗಳ ಮೈಮೇಲೆ ಹಾಕುವುದು ಬೇಡವೆಂದು ಫಕೀರವ್ವ ಗಂಟು ಕಟ್ಟಿಟ್ಟಳು. ಮಾದೇವಿ ಯಾವುದಾದರೂ ದೊಡ್ಡ ಮನೆಯಿಂದ ಒಂದು ದಿನದ ಮಟ್ಟಿಗೆ ಕೇಳಿ ತರಲಿ ಎಂದಳು. ಕೂತ ಹೆಂಗಸರು ಹೂಂಗುಟ್ಟಿದರು.

ಬಳೆಗಾರ್ತಿ ಹಸನಬಿ ಹೆಣದ ಬಾಜುವೇ ಕೂತಿದ್ದಳು. ಸಾವಂತ್ರಿಗೆ ಬಳೆ ಇಡಿಸಲೆಂದು ಕುಂದಗೋಳದಿಂದ ಬಂದವಳು, ಸುದ್ದಿ ಕೇಳಿ ಬುಟ್ಟಿಯನ್ನು ಹೊರಗಿಟ್ಟು ಒಳಗೆ ಬಂದಿದ್ದಳು.

"ಕೊಡಬೇ ಅದನ್ನ ಇಲ್ಲಿ," ಎಂದಳು. "ನನ್ನ ಬುಟ್ಟ್ಯಾಗ ಹಾಕ್ಕೊಂಡು ಹೋಗ್ತೀನಿ. ಬಳಿ ಬುಟ್ಟ್ಯಾಗಿಂದ ಬಂದದ್ದಕ್ಕ ಯಾ ಸೂತಕ?"

"ನೀನೂ ಇಲ್ಲೇ ಕುಂತೀಯಲ್ಲ," ಎಂದಳು ಫಕೀರವ್ವ.

"ಕುಂತೀನಿ. ಮೈ ತೊಳಕೊಂಡು ಹೋಗ್ತೀನಿ. ಇವನ್ನೂ ತೊಳೀತೀನಿ. ಗುರವ್ವ ಆರಿಸಿದ್ದು, ನೀರಿಗೆ ಬಣ್ಣ ಬಿಡೂದಿಲ್ಲ."

ಫಕೀರವ್ವ ಗುರವ್ವಳ ಮುಖ ನೋಡಿದಳು. ಆಮೇಲೆ ಗಂಟನ್ನು ಮುಂದಕ್ಕೆ ಸರಿಸಿದಳು.

ಹಸನಬಿ ಬಾವಿಯ ಕಟ್ಟೆಯಲ್ಲಿ ಮೈ ತೊಳೆದು, ಒಂದೊಂದೇ ಸಾಮಾನನ್ನು ತೊಳೆದು ಒರೆಸಿದಳು. ಮದುವೆ ಮನೆಯಲ್ಲಿ ಏನನ್ನೂ ಮುಚ್ಚಿಡಲಿಲ್ಲ. ಎಲ್ಲಿಂದ ತಂದೆನೆಂಬುದನ್ನು ಹುಡುಗಿಗೆ ಮೊದಲೇ ಹೇಳಿದಳು. ಬ್ಯಾಡಂದ್ರ ಒಯ್ತೀನಿ ಎಂದೂ ಹೇಳಿದಳು. ಮಾದೇವಿ ಮಗಳ ಕಡೆ ನೋಡಿದಳು. ಸಾವಂತ್ರಿ ಜಡೆಯನ್ನು ಮುಂದಕ್ಕೆಳೆದುಕೊಂಡು ಕೊರಳು ಬಾಗಿಸಿದಳು.

"ಸರಿಯಾಗಿ ಕುಂದ್ರತೈತೇನು ನೋಡಬೇ," ಎಂದಳು.

ಇಳಿಹೊತ್ತಿಗೆ ಹೆಣವನ್ನು ಕೂತಂತೆಯೇ ಎತ್ತಿದರು. ಹಂದರದ ಮುಂದೆ ಹಾಯುವುದು ಬೇಡವೆಂದು ಹಿರಿಯರು ಹಿತ್ತಿಲ ದಾರಿ ಹಿಡಿಸಿದರು. ಹೆಣ ಮದುವೆ ಮನೆಯ ಓಣಿ ದಾಟುವವರೆಗೆ ಬಾಜಾದವರೂ ಸುಮ್ಮನಾದರು. ಮದುಮಗಳು ಹೊರಗೆ ಬರಬಾರದೆಂದು ಒಳಗೆ ಯಾರೋ ಬಾಗಿಲು ಹಾಕಿದ್ದರು.

ಸಾವಂತ್ರಿ ದನದ ಕೊಟ್ಟಿಗೆಯ ಸಂದಿಯಿಂದ ಹಿತ್ತಿಲಿಗೆ ಬಂದಿದ್ದಳು. ಮೈಗೆ ಹಚ್ಚಿದ ಅರಿಷಿಣ ಇನ್ನೂ ಹಸಿ ಇತ್ತು. ಹೊಸ ಬಳೆಗಳು ಸಪ್ಪಳ ಮಾಡದಂತೆ ಎರಡೂ ಕೈಗಳನ್ನು ಎದೆಗೆ ಅವುಚಿಕೊಂಡು ನಿಂತಳು. ಜಾಲಿ ಬೇಲಿಯ ಮೇಲೆ ಗುರವ್ವಳ ತಲೆಯಷ್ಟೇ ಕಾಣುತ್ತಿತ್ತು. ಹೊತ್ತವರ ಹೆಜ್ಜೆಗೆ ತುಸು ತೂಗುತ್ತ, ಅದು ನಿಧಾನಕ್ಕೆ ಮುಂದೆ ಸಾಗಿತು.