ಲೆಕ್ಕಕ್ಕಿಲ್ಲದ ಮೇಷ್ಟ್ರು

ಕಂಪ್ಯೂಟರ್ ಇಲ್ಲದ ರೂಮಿನಲ್ಲಿ ಕಂಪ್ಯೂಟರ್ ಪಾಠ ಮಾಡುವುದು ಹೇಗೆಂದು ನಮ್ಮ ಮೂಡಲಗಿರಿಯಪ್ಪನವರನ್ನು ಕೇಳಬೇಕು. ಅವರು ಓದಿದ್ದು ಇತಿಹಾಸ. ನಮ್ಮ ಕಡೆಯ ಕೆರೆಗಳ ಮೇಲೆ ಪಿಎಚ್.ಡಿ. ಮಾಡಿದವರು. ಆದರೆ ಹೊಸ ಪಠ್ಯಕ್ರಮ ಬಂದ ವರ್ಷ ಪ್ರಿನ್ಸಿಪಾಲ್ ಪ್ರಸನ್ನ ಕುಮಾರ್, ಮೂಡಲಗಿರಿಯಪ್ಪನವರನ್ನು ಕರೆದು, "ಡಿಜಿಟಲ್ ಫ್ಲುಯೆನ್ಸಿ ಅಂತ ಒಂದು ಪೇಪರ್ ಬಂದಿದೆ ಕಣ್ರೀ. ಎಲ್ಲಾ ಮಕ್ಕಳೂ ಓದಲೇಬೇಕಂತೆ. ನೀವೇ ಮಾಡ್ಬಿಡಿ" ಎಂದರು.

"ಸಾರ್, ನನ್ನತ್ರ ಇರೋದೇ ಬಟನ್ ಫೋನು."

"ಅಯ್ಯೋ, ಪುಸ್ತಕ ಐತಲ್ರೀ. ಓದಿ ಹೇಳಿ."

ಅವರು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಕೀಬೋರ್ಡ್ ಬರೆದರು. ಮಕ್ಕಳು ಅದನ್ನು ನೋಟ್ಸಿಗೆ ಇಳಿಸಿಕೊಂಡರು. ಎಲ್ಲರೂ ಪಾಸಾದರು. ಮುಂದಿನ ಸೆಮಿಸ್ಟರಿಗೆ ಯೋಗ ಮತ್ತು ಸ್ವಾಸ್ಥ್ಯ ಅಂತ ಇನ್ನೊಂದು ಬಂತು. ಶಿರಾ ಕಡೆಯ ಮದಲೂರಿನಿಂದ ಹೊರಟು, ಮಧುಗಿರಿಯಲ್ಲಿ ಬಸ್ ಬದಲಿಸಿ, ಸೀಟು ಸಿಗದೆ ನಿಂತುಕೊಂಡೇ ಬಂದ ಆ ಮನುಷ್ಯ, ಬೆನ್ನು ನೇರ ಇಟ್ಟುಕೊಂಡು ಕೂರುವುದು ಹೇಗೆಂದು ಮಕ್ಕಳಿಗೆ ಹೇಳಿಕೊಟ್ಟರು.

ಕಾಲೇಜು ಕೊರಟಗೆರೆ ತಾಲ್ಲೂಕಿನದು. ಹೊಳವನಹಳ್ಳಿಯಲ್ಲಿ ಬಸ್ಸಿಳಿದು ಆಟೋ ಹಿಡಿಯಬೇಕು. ಹೆಸರು ಬೇಡ. ಯೂನಿವರ್ಸಿಟಿಯ ಹೆಸರೂ ಬೇಡ. ನನ್ನ ಹೆಸರು ವೇದಾವತಿ, ಅಲ್ಲೇ ಕನ್ನಡ ಪಾಠ ಮಾಡುತ್ತೇನೆ. ಮೂಡಲಗಿರಿಯಪ್ಪನವರ ಹಾಗೆ ನಾನೂ ಅತಿಥಿ ಉಪನ್ಯಾಸಕಿ. ವರ್ಷ ವರ್ಷ ಕರೆಯುತ್ತಾರೆ, ಬೇಸಿಗೆ ಬಂದರೆ ಕಳಿಸುತ್ತಾರೆ, ಮತ್ತೆ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೀಗೆ ಬಂದು ಹೋಗಿಯೇ ಮೂಡಲಗಿರಿಯಪ್ಪನವರ ತಲೆಗೂದಲು ಬೆಳ್ಳಗಾಗಿತ್ತು. ಅವರ ತಾಯಿ ಒಮ್ಮೆ ನನ್ನೆದುರೇ ಕೇಳಿದ್ದರು: "ಅಲ್ಲ ಕಣ್ಲಾ, ಇಷ್ಟು ವರ್ಸ ಯಾರ್ ಮನೇಲಿ ನೆಂಟ್ರಾಗಿರ್ತಾರೆ? ಒಂದೋ ಒಳೀಕೆ ಕರ್ಕಬೇಕು, ಇಲ್ಲ ಆಚೀಕೆ ಕಳಿಸ್ಬೇಕು."

ಈಗ ಆನರ್ಸ್ ಎಂಬ ಕತೆ ಹೇಳಬೇಕು. ಹೊಸ ಪಠ್ಯಕ್ರಮದಲ್ಲಿ ಮೂರು ವರ್ಷ ಓದಿದರೆ ಡಿಗ್ರಿ. ನಾಲ್ಕನೇ ವರ್ಷವೂ ಓದಿ, ತಾನೇ ಒಂದು ಸಂಶೋಧನೆ ಮಾಡಿ ಬರೆದುಕೊಟ್ಟರೆ ಆನರ್ಸ್ ಡಿಗ್ರಿ. ಆಮೇಲೆ ಎಂ.ಎ. ಒಂದೇ ವರ್ಷ. ಅದನ್ನು ತಂದವರು ಡಂಗುರ ಹೊಡೆದರು. ಕಾಲೇಜಿನ ಗೋಡೆಗೆಲ್ಲ ಪೋಸ್ಟರ್ ಅಂಟಿಸಿದರು. ಮೇಲೆ ಸರ್ಕಾರ ಬದಲಾಯಿತು, ಅದೂ ಬದಲಾಯಿತು. ಹೊಸದಾಗಿ ಸೇರುವವರಿಗೆ ಮೂರೇ ವರ್ಷ ಎಂದರು. ಆಗಲೇ ಸೇರಿದ್ದವರು ಬೇಕಾದರೆ ನಾಲ್ಕನೇ ವರ್ಷ ಓದಬಹುದು ಎಂದರು. ನಮ್ಮ ಕಾಲೇಜಿನ ಇತಿಹಾಸದ ಎಂಟು ಹುಡುಗಿಯರು "ಓದ್ತೀವಿ" ಎಂದು ಕೈ ಎತ್ತಿದರು.

ಆ ಎಂಟರಲ್ಲಿ ಯಶೋದ ಒಬ್ಬಳು. ಗೊಲ್ಲರಹಟ್ಟಿಯ ಹುಡುಗಿ. ಸಂಜೆ ಕಾಲೇಜು ಬಿಟ್ಟ ಮೇಲೆ ಅಪ್ಪನ ಕುರಿಮಂದೆ ಹೊಡೆದುಕೊಂಡು ಬರುವವಳು. ಎಲ್ಲ ವಿಭಾಗದ ಮಕ್ಕಳೂ ಓದಬಹುದಾದ ಒಂದು ಐಚ್ಛಿಕ ಪಾಠವನ್ನು ಕಾಲೇಜಿನವರೇ ರೂಪಿಸಬಹುದು ಎಂದಾಗ, ಮೂಡಲಗಿರಿಯಪ್ಪ 'ನಮ್ಮೂರ ಚರಿತ್ರೆ' ಎಂದು ಒಂದು ಮಾಡಿದ್ದರು. ಮಕ್ಕಳು ತಮ್ಮ ತಮ್ಮ ಊರಿನಲ್ಲಿ ಕೇಳಿ, ನೋಡಿ, ಬರೆದು ತರಬೇಕು. ಒಬ್ಬ ಕೆರೆ ಕಟ್ಟಿಸಿದವರ ಕತೆ ತಂದ. ಒಬ್ಬಳು ಊರ ಬಾವಿಗೆ ಯಾವ ಬೀದಿಯವರು ಇಳಿಯುವಂತಿರಲಿಲ್ಲ ಎಂದು ಬರೆದಳು. ಯಶೋದ ತಮ್ಮ ಹಟ್ಟಿಯ ಹೊರಗಿನ ಗುಡಿಸಲಿನ ಬಗ್ಗೆ ಬರೆದಳು. ಮುಟ್ಟಾದವರನ್ನೂ ಬಾಣಂತಿಯರನ್ನೂ ಇಡುತ್ತಿದ್ದ ಗುಡಿಸಲು. ಮಳೆಗಾಲದಲ್ಲಿ ಅವಳ ತಾಯಿ ಜುಂಜಮ್ಮ ಅವಳನ್ನು ಹೆತ್ತದ್ದು ಅಲ್ಲೇ. ಅವಳಿಗಿಂತ ಮೊದಲಿನ ಮಗು ಸತ್ತದ್ದೂ ಅಲ್ಲೇ. ಅದನ್ನು ಅವಳು ಕ್ಲಾಸಿನಲ್ಲಿ ಓದಿದ ದಿನ ಕಾಮರ್ಸಿನ ಗಂಡುಹುಡುಗರೂ ಕೆಮ್ಮಲಿಲ್ಲ.

"ನಾಕನೇ ವರ್ಷ ಇದ್ನೇ ಮಾಡ್ತೀನಿ ಮೇಡಂ" ಎಂದಿದ್ದಳು ನನ್ನ ಹತ್ತಿರ. "ಸುತ್ತಮುತ್ತ ಹಟ್ಟಿಗೆಲ್ಲ ಹೋಗಿ ಕೇಳ್ತೀನಿ. ಬರ್ದಿಟ್ರೆ ತಾನೇ ನಾಳೆ ಯಾರಾದ್ರೂ ಇಂಗಿತ್ತಾ ಅಂತ ಕೇಳೋದು? ನಮ್ಮಪ್ಪನೂ ಒಪ್ಪವ್ನೆ. ಕಾಲೇಜು ಇಲ್ಲೇ ಇದ್ರೆ ಓದು, ಸಿಟಿಗಿಟಿ ಅಂದ್ರೆ ಗಂಡು ನೋಡ್ತೀನಿ ಅಂದವ್ನೆ."

ಇಷ್ಟರಲ್ಲಿ ಯೂನಿವರ್ಸಿಟಿಯಿಂದ ಕರೆ ಬಂತು. ಯಾವ ಪಾಠ ಇರಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವ ಅಧ್ಯಯನ ಮಂಡಳಿಯ ಸಭೆ. ಗ್ರಾಮಾಂತರ ಕಾಲೇಜುಗಳ ಅಭಿಪ್ರಾಯವನ್ನೂ ಕೇಳಿದೆವು ಎಂದು ತೋರಿಸಬೇಕಿತ್ತಂತೆ. ಖಾಯಂ ಪ್ರೊಫೆಸರುಗಳಿಗೆ ಪುರುಸೊತ್ತಿರಲಿಲ್ಲ. ಪ್ರಿನ್ಸಿಪಾಲರು ನಮ್ಮಿಬ್ಬರನ್ನು ಕಳಿಸಿದರು. ಮೂಡಲಗಿರಿಯಪ್ಪ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಬಂದಿದ್ದರು. ಮದುವೆಗೆ ಹೊರಟವರ ಹಾಗೆ ಕಾಣುತ್ತಿದ್ದರು.

"ವೇದಮ್ಮ, ಕೊನೆಗೂ ನಮ್ಮನ್ನ ಕೇಳ್ತಾವ್ರೆ ನೋಡಿ" ಎಂದರು ಬಸ್ಸಿನಲ್ಲಿ.

ಕೇಳಿದರು. ಊಟಕ್ಕೆ ಇರ್ತೀರಾ, ಇಲ್ಲವಾ ಎಂದು.

ಸಭೆ ಶುರುವಾದದ್ದು ಸನ್ಮಾನದಿಂದ. ಮಂಡಳಿಯ ಅಧ್ಯಕ್ಷ ಪ್ರೊಫೆಸರ್ ಪ್ರಭುದೇವ್ ಅವರಿಗೆ ಯಾವುದೋ ಸಮಿತಿಯ ಸದಸ್ಯತ್ವ ಸಿಕ್ಕಿತ್ತು. ಶಾಲು, ಹಣ್ಣಿನ ಬುಟ್ಟಿ, ಗಂಧದ ಹಾರ. ಒಬ್ಬೊಬ್ಬರೂ ಎದ್ದು ಅವರನ್ನು ಹೊಗಳಿದರು. ಹೊಗಳಿಕೆಯಲ್ಲಿ ಯಾರೂ ಹಿಂದೆ ಬೀಳಲಿಲ್ಲ. ಅದೆಲ್ಲ ಮುಗಿಯುವ ಹೊತ್ತಿಗೆ ಅಡುಗೆಯವರು ಬಂದು ಬಾಗಿಲಲ್ಲಿ ಇಣುಕಿದರು. ಪಠ್ಯಕ್ರಮದ ಸರದಿ ಬಂದದ್ದು ಆಗ.

'ನಮ್ಮೂರ ಚರಿತ್ರೆ'ಯ ಹೆಸರು, ಮಕ್ಕಳು ಬರೆದ ವಿಷಯಗಳ ಪಟ್ಟಿ ಓದಿ ಪ್ರಭುದೇವ್ ಕನ್ನಡಕ ತೆಗೆದರು.

"ಇದ್ಯಾರ್ರೀ ಮಾಡಿದ್ದು? ಹಟ್ಟಿ, ಗುಡಿಸ್ಲು, ಬಾವಿಕಟ್ಟೆ. ಇದು ಯೂನಿವರ್ಸಿಟಿನೋ, ಅರಳಿಕಟ್ಟೆನೋ?"

ಮೇಜಿನ ಸುತ್ತ ಇದ್ದವರು ನಕ್ಕರು. ಅಧ್ಯಕ್ಷರು ನಕ್ಕರೆ ನಗುವುದೂ ಪ್ರೊಫೆಸರುಗಿರಿಯ ಒಂದು ಭಾಗ.

"ನಾನೇ ಸಾರ್" ಎಂದರು ಮೂಡಲಗಿರಿಯಪ್ಪ ಎದ್ದು ನಿಂತು. "ಮಕ್ಕಳು ತುಂಬ ಚೆನ್ನಾಗಿ..."

"ಕೂತ್ಕೊಳ್ರೀ. ಇದ್ರ ಬದಲು ವ್ಯಕ್ತಿತ್ವ ವಿಕಸನ ಇಡೋಣ. ಪುಸ್ತಕ ರೆಡಿ ಇದೆ."

ಪುಸ್ತಕ ಯಾರದೆಂದು ಯಾರೂ ಕೇಳಲಿಲ್ಲ. ಮುಖಪುಟದ ಮೇಲೆ ಪ್ರಭುದೇವ್ ಅವರ ಫೋಟೋನೇ ಇತ್ತು. ಮಕ್ಕಳ ವ್ಯಕ್ತಿತ್ವ ಅರಳಲು ಅದು ಸಾಕಿತ್ತೇನೋ.

ಆಮೇಲೆ ನಾಲ್ಕನೇ ವರ್ಷದ ವಿಷಯ. ವಿಭಾಗದಲ್ಲಿ ಪಿಎಚ್.ಡಿ. ಆದ ಖಾಯಂ ಅಧ್ಯಾಪಕರು ಇರುವ ಕಾಲೇಜಿಗೆ ಮಾತ್ರ ಆನರ್ಸ್ ಎಂದು ತೀರ್ಮಾನ ಬರೆದಿಟ್ಟಿದ್ದರು. ಇತಿಹಾಸಕ್ಕೆ ಹಾಗೆ ಇದ್ದದ್ದು ಸಿಟಿಯ ಕಾಲೇಜಿನಲ್ಲಿ ಮಾತ್ರ. ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ, ನಾಲ್ಕು ತಾಲ್ಲೂಕೂ ಒಂದೇ ಗೆರೆಯಲ್ಲಿ ಹೋದವು.

ಮೂಡಲಗಿರಿಯಪ್ಪ ಮತ್ತೆ ಎದ್ದರು. "ಸಾರ್, ನಮ್ಮಲ್ಲಿ ಖಾಯಂ ಹುದ್ದೆ ತುಂಬದೇ ಇರೋದು ಮಕ್ಕಳ ತಪ್ಪಲ್ಲ. ನಾನಿದ್ದೀನಿ. ನನ್ನದು ಪಿಎಚ್.ಡಿ. ಆಗಿದೆ."

"ಅತಿಥಿಗಳ ಪಿಎಚ್.ಡಿ. ಲೆಕ್ಕಕ್ಕಿಲ್ಲ ಕಣ್ರೀ."

"ಹೋದ ಸಲ ಕಾಲೇಜಿಗೆ ಮಾನ್ಯತೆ ಕೊಡೋ ತಂಡ ಬಂದಾಗ ಲೆಕ್ಕಕ್ಕಿತ್ತಲ್ಲ ಸಾರ್? ಬೋರ್ಡಲ್ಲಿ ಹೆಸರು ಬರೆಸಿ, ನನಗೆ ಕೋಟು ಹಾಕ್ಸಿ ಮುಂದೆ ನಿಲ್ಲಿಸಿದ್ರು."

"ಅದು ಬೇರೆ, ಇದು ಬೇರೆ" ಎಂದರು ಪ್ರಭುದೇವ್.

"ಹಂಗಾದ್ರೆ ನನ್ನ ವಿರೋಧ ಇದೆ ಅಂತ ಬರ್ಕೊಳಿ."

"ನೀವು ವಿಶೇಷ ಆಹ್ವಾನಿತರು. ಮಾತಾಡಬಹುದು, ಮತ ಇಲ್ಲ. ಆಯ್ತಲ್ಲ? ಸರ್ವಾನುಮತದಿಂದ ಅಂಗೀಕಾರ. ಏಳಿ, ಊಟ ತಣ್ಣಗಾಗುತ್ತೆ."

ಮೂಡಲಗಿರಿಯಪ್ಪ ಊಟ ಮಾಡಲಿಲ್ಲ. ಹೊರಗೆ ಕಾರುಗಳ ನೆರಳಲ್ಲಿ ಕೂತರು. ನಾನು ಮಾಡಿದೆ. ಹಸಿವಾಗಿತ್ತು. ಪ್ರಭುದೇವ್ ಮೇಲಿನ ಸಿಟ್ಟಿಗೆ ನಾನೇಕೆ ಉಪವಾಸ ಇರಬೇಕು? ಹೋಳಿಗೆ ಚೆನ್ನಾಗಿತ್ತು.

ಮಾರನೆಯ ದಿನ ಅವರು ಕ್ಲಾಸಿಗೆ ಹೋಗಿ ಆದದ್ದನ್ನು ಆದ ಹಾಗೇ ಹೇಳಿದರು. ಏನನ್ನೂ ಮುಚ್ಚಿಡಲಿಲ್ಲ. ಒಬ್ಬ ಹುಡುಗಿ ಅಳುವುದಕ್ಕೆ ಶುರು ಮಾಡಿದಳು. ಯಶೋದ ಅಳಲಿಲ್ಲ. "ಸಾರ್, ಖಾಯಂ ಮೇಷ್ಟ್ರಿಲ್ಲ ಅಂದ್ರೆ ಮೇಷ್ಟ್ರೇ ಇಲ್ಲ ಅಂತಾನಾ?" ಎಂದು ಕೇಳಿದಳು. ಅವರು ಸ್ಟಾಫ್ ರೂಮಿಗೆ ಬಂದು ನೀರು ಕುಡಿದು, "ನನ್ನ ಕಣ್ಮುಂದೆನೇ ನಾನಿಲ್ಲ ಅಂದ್ಬುಟ್ರಲ್ಲ ವೇದಮ್ಮ" ಎಂದರು.

ಅದೇ ತಿಂಗಳು ಪ್ರಭುದೇವ್ ಅವರೇ ನಮ್ಮ ಕಾಲೇಜಿಗೆ ಬಂದರು. ವ್ಯಕ್ತಿತ್ವ ವಿಕಸನ ಪಾಠದ ಉದ್ಘಾಟನೆ, ಜೊತೆಗೆ ಪೋಷಕರ ಸಭೆ. ಹಾಲ್ ತುಂಬಿಸಬೇಕಲ್ಲ, ಹಾಜರಾತಿ ಕೊಡುತ್ತೇವೆ ಎಂದು ಮಕ್ಕಳನ್ನೆಲ್ಲ ಕೂರಿಸಿದರು. ವಂದನಾರ್ಪಣೆಗೆ ಚೆನ್ನಾಗಿ ಮಾತಾಡುವ ಹುಡುಗಿ ಬೇಕೆಂದು ಪ್ರಿನ್ಸಿಪಾಲರು ತಾವೇ ಯಶೋದಳನ್ನು ಆರಿಸಿದರು. ಅವರ ಜೀವಮಾನದ ಒಳ್ಳೆಯ ಆಯ್ಕೆ ಅದೊಂದೇ.

ಪ್ರಭುದೇವ್ ಆತ್ಮವಿಶ್ವಾಸದ ಬಗ್ಗೆ ಮಾತಾಡಿದರು. ಧೈರ್ಯವಾಗಿ ಪ್ರಶ್ನೆ ಕೇಳುವುದನ್ನು ಕಲಿಯಿರಿ ಎಂದರು. ಚಪ್ಪಾಳೆ ಬಿತ್ತು. ಯಶೋದ ಮೈಕಿನ ಮುಂದೆ ಬಂದಳು.

"ವೇದಿಕೆ ಮೇಲಿರೋ ಎಲ್ರಿಗೂ ವಂದನೆ. ಸಾಹೇಬ್ರು ಪ್ರಶ್ನೆ ಕೇಳಿ ಅಂದವ್ರೆ. ಅದಕ್ಕೆ ಒಂದು ಕೇಳ್ತೀನಿ. ನಮ್ಮ ಕಾಲೇಜಲ್ಲಿ ಹಿಸ್ಟರಿ ಮೇಷ್ಟ್ರು ಇದ್ದಾರೋ ಇಲ್ವೋ?"

ಪ್ರಿನ್ಸಿಪಾಲರು ಅರ್ಧ ಎದ್ದರು. ಪ್ರಭುದೇವ್ ನಗುತ್ತಲೇ ಇದ್ದರು.

"ಇದ್ದಾರೆ ಅಂದ್ರೆ ನಾಕನೇ ವರ್ಷ ಇಲ್ಲೇ ಕೊಡಿ. ಇಲ್ಲ ಅಂದ್ರೆ, ಮೂರು ವರ್ಷ ನಮಗೆ ಪಾಠ ಮಾಡಿದ್ದು ಯಾರು? ಪೇಪರ್ ತಿದ್ದಿದ್ದು ಯಾರು? ಆ ಮಾರ್ಕ್ಸ್ ಮೇಲೆ ನಿಮ್ಮ ಯೂನಿವರ್ಸಿಟಿ ಸೀಲ್ ಹಾಕಿದ್ದು ಯಾಕೆ? ಮೇಷ್ಟ್ರೇ ಇಲ್ದೆ ಪಾಸಾಗಿದ್ರೆ ನಮ್ಮ ಮಾರ್ಕ್ಸ್ ಕಾರ್ಡೆಲ್ಲ ಸುಳ್ಳು. ವಾಪಸ್ ತಗಂಡೋಗಿ."

"ನೋಡಮ್ಮ, ಇದು ಸ್ವಲ್ಪ ಟೆಕ್ನಿಕಲ್ ವಿಷಯ. ನಿಂಗೆ ಅರ್ಥ ಆಗಲ್ಲ."

ಹಿಂದಿನ ಸಾಲಿನಿಂದ ಜುಂಜಮ್ಮ ಎದ್ದಳು. ಸೆರಗು ಸೊಂಟಕ್ಕೆ ಸಿಗಿಸಿಕೊಂಡೇ ಮಾತಾಡಿದಳು. "ಅಯ್ಯಾ, ಇದ್ದಾನೆ ಅನ್ನು, ಇಲ್ಲ ಅನ್ನು. ಅದ್ರಾಗೆ ಟೆಕ್ನಿಕಲ್ಲು ಏನೈತೆ? ನಾನು ನನ್ನ ಮಗೀನ ಆ ಗುಡಿಸಲಾಗೆ ಹೆತ್ತಿದ್ದು ಅವಳು ನಾಕ್ ಅಕ್ಸರ ಬರೀಲಿ ಅಂತ. ನೀನು ನಗಾಡ್ದಂತೆ. ಈಗ ನಗು ನೋಡನ."

ಹಾಲ್ ಎದ್ದು ನಿಂತಿತು. ಎಂಟು ಹುಡುಗಿಯರು ಹೋಗಿ ಬಾಗಿಲಿಗೆ ಅಡ್ಡ ಕೂತರು. ಅವರ ಹಿಂದೆ ಕಾಮರ್ಸಿನವರು, ಸೈನ್ಸಿನವರು, ಕೊನೆಗೆ ಅಮ್ಮಂದಿರು. ಯಾರೂ ಕೂಗಲಿಲ್ಲ. ಪ್ರಭುದೇವ್ ಮೊದಲು ಗದರಿದರು, ಆಮೇಲೆ "ಮಕ್ಕಳೇ" ಎಂದರು, ಆಮೇಲೆ ಫೋನ್ ತೆಗೆದರು. ನಮ್ಮ ಕಾಲೇಜಿನಲ್ಲಿ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಮೇಲೆ ಹತ್ತಿದರೆ ಮಾತ್ರ. ಕೊನೆಗೆ ಹಾಳೆ ಕೇಳಿ, ಈ ಕಾಲೇಜಿನಲ್ಲಿ ನಾಲ್ಕನೇ ವರ್ಷದ ಆನರ್ಸ್ ಮುಂದುವರಿಯುವುದು ಎಂದು ಬರೆದು ಸಹಿ ಹಾಕಿಕೊಟ್ಟರು. ಹುಡುಗಿಯರು ದಾರಿ ಬಿಟ್ಟರು. ಕಾರು ಹೋದ ವೇಗಕ್ಕೆ ಮೈದಾನದ ಧೂಳೆಲ್ಲ ಎದ್ದಿತು. ಜುಂಜಮ್ಮ ಎಲೆ ಅಡಿಕೆ ಬಿಚ್ಚಿ ಎಲ್ಲರಿಗೂ ಹಂಚಿದಳು. ಮೂಡಲಗಿರಿಯಪ್ಪ ನಗುತ್ತಿದ್ದರು. ಅವರ ಹಲ್ಲು ನಾನು ಕಂಡದ್ದು ಅವತ್ತೇ.

ವಾರದೊಳಗೆ ಯೂನಿವರ್ಸಿಟಿಯಿಂದ ಉತ್ತರ ಬಂತು. ಅಧ್ಯಕ್ಷರು ಒತ್ತಡದಲ್ಲಿ ಬರೆದುಕೊಟ್ಟದ್ದು ಊರ್ಜಿತವಲ್ಲ. ಮಂಡಳಿ ಸರ್ವಾನುಮತದಿಂದ ಮಾಡಿದ್ದನ್ನು ಮಂಡಳಿಯೇ ಬದಲಿಸಬೇಕು. ಜೊತೆಗೆ ಎರಡೇ ಸಾಲಿನ ಇನ್ನೊಂದು ಆದೇಶ: ಪಾಠದ ಕಾರ್ಯಭಾರ ಇಲ್ಲದ ಕಾರಣ ಡಾ. ಮೂಡಲಗಿರಿಯಪ್ಪ ಅವರನ್ನು ಬಿಡುಗಡೆ ಮಾಡಲಾಗಿದೆ. ಡಾಕ್ಟರ್ ಎಂದು ಬರೆಯುವುದನ್ನು ಮಾತ್ರ ಮರೆತಿರಲಿಲ್ಲ. ಅದೇ ಮಧ್ಯಾಹ್ನ ಆಟೋದಲ್ಲಿ ಪಾರ್ಸೆಲ್ ಬಂತು. ವ್ಯಕ್ತಿತ್ವ ವಿಕಸನದ ಪುಸ್ತಕಗಳು, ಕಟ್ಟು ಕಟ್ಟು.

ಸಂಜೆ ಅವರನ್ನು ಬಸ್ ಹತ್ತಿಸಲು ನಾನೂ ಹುಡುಗಿಯರೂ ಹೊಳವನಹಳ್ಳಿಯವರೆಗೆ ಹೋದೆವು. ಊಟದ ಡಬ್ಬಿಯ ಚೀಲ ಕಂಕುಳಲ್ಲಿ ಇಟ್ಟುಕೊಂಡು ಅವರು ರಸ್ತೆ ನೋಡುತ್ತಿದ್ದರು.

"ನನ್ನ ತೆಗೆದಾಕಿದ್ದು ನನ್ನ ಜಗಳ ಕಣಮ್ಮ" ಎಂದರು ಯಶೋದಳಿಗೆ. "ನೀವು ನಿಮ್ಮದು ನೋಡ್ಕಳಿ. ನನ್ನಿಂದ ನಿಮಗೆ ತೊಂದ್ರೆ ಬ್ಯಾಡ."

"ನೀವಿದ್ರೆ ನಾಕನೇ ವರ್ಷ, ನಾಕನೇ ವರ್ಷ ಇದ್ರೆ ನೀವು. ಅದೆಂಗೆ ಸಾರ್ ಬೇರೆ ಬೇರೆ ಆಗ್ತದೆ?" ಎಂದಳು ಅವಳು. "ಪಾವಗಡದೋರ ಜೊತೆ ಮಾತಾಡಿವ್ನಿ. ಅಲ್ಲಿ ವಳ್ಳೂರಿನ ಹುಡುಗಿ ಒಬ್ಳು ಅವ್ಳೆ, ಅವರ ಮೇಷ್ಟ್ರನ್ನೂ ತೆಗ್ದವ್ರಂತೆ. ಮಧುಗಿರಿಯೋರು, ಶಿರಾದೋರೂ ಬತ್ತಾರೆ. ನೀವೂ ಬರ್ಬೇಕು."

ಮೂಡಲಗಿರಿಯಪ್ಪ ಚೀಲವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡರು. "ಬತ್ತೀನಿ" ಎಂದರು.

ಯಶೋದ ನನ್ನ ಕಡೆ ತಿರುಗಿದಳು. "ಮೇಡಂ, ಆ ಮಂಡಳಿ ಇನ್ನೊಂದು ಸಲ ಸೇರೋದು ಯಾವಾಗ?"

"ಬರೋ ತಿಂಗಳು ಅಂತಾರೆ."

"ನೀವು ಆ ರೂಮು ನೋಡಿದ್ದೀರಲ್ಲ. ಬಾಗ್ಲು ಎಷ್ಟವೆ?"

"ಒಂದೇ ಕಣಮ್ಮ" ಎಂದೆ.

"ಸಾಕು ಬುಡಿ" ಎಂದಳು.