ಅಕ್ಕನಿಗೆ ಹಾಡಿದ್ದು

ಮೆಟ್ಟಿಲು ಹತ್ತುವಾಗಲೇ ಅವಳಿಗೆ ತನ್ನದೇ ದನಿ ಕೇಳಿಸಿತು. ಅಕ್ಕನ ಮನೆಯ ಬಾಗಿಲು ತೆರೆದಿತ್ತು. ನಡುಮನೆಯಲ್ಲಿ ಅಕ್ಕನನ್ನು ಮಲಗಿಸಿದ್ದರು. ತಲೆಯ ಹತ್ತಿರ ಸ್ಟೂಲಿನ ಮೇಲೆ ಸ್ಪೀಕರು ಹಾಡುತ್ತಿತ್ತು.

ಸತ್ತವರ ಮುಂದೆ ಕೂತು ಹಾಡಿ ಅಳುವುದು ಅವಳಿಗೆ ತಾಯಿಯಿಂದ ಬಂದದ್ದು. ಧಾಟಿ ಒಂದೇ, ಮಾತು ಮಾತ್ರ ಸತ್ತವರಿಗೆ ತಕ್ಕಂತೆ ಅಲ್ಲೇ ಹುಟ್ಟಬೇಕು. ಮಗ ಲಾರಿಗೆ ಸಿಕ್ಕಿ ಸತ್ತಾಗ ಅವಳು ಹಾಡಿದ್ದನ್ನು ಯಾರೋ ಫೋನಿನಲ್ಲಿ ಹಿಡಿದರು. ಬ್ಯಾಂಡಿನವನೊಬ್ಬ ಅದಕ್ಕೆ ಕೀಬೋರ್ಡು ಸೇರಿಸಿ ಹಂಚಿದ. ಈಗ ಎಲ್ಲಿ ಸಾವಾದರೂ ಅದನ್ನೇ ಹಾಕುತ್ತಾರೆ. ಅವಳನ್ನು ಕರೆಯುವುದು ನಿಂತೇಹೋಗಿತ್ತು.

"ಅದನ್ನ ನಿಲ್ಸೇ," ಎಂದಳು ಅಕ್ಕನ ಮಗಳಿಗೆ.

"ನಿಂದೇ ಅಲ್ವಾ ಚಿಕ್ಕಮ್ಮ? ಗಂಟಲು ಬೇರೆ ಕಟ್ಟಿದೆ ನಿಂಗೆ. ಸುಮ್ನೆ ಕೂತ್ಕೋ."

"ಅದು ನನ್ನ ಮಗಂದು. ನಿಮ್ಮಮ್ಮಂಗೆ ನಾನು ಹಾಡ್ತೀನಿ."

ಹುಡುಗಿ ಸ್ಪೀಕರು ಆರಿಸಿದಳು. ಅವಳು ಅಕ್ಕನ ಕಾಲ ಬಳಿ ಕೂತು ಶುರುಮಾಡಿದಳು. ಇಸ್ತ್ರಿ ಅಂಗಡಿಯಲ್ಲಿ ನಿಂತು ನಿಂತು ಊದಿದ ಅಕ್ಕನ ಕಾಲು ಹಾಡಿನಲ್ಲಿ ಬಂತು. ಚಿಕ್ಕಂದಿನಲ್ಲಿ ಒಂದೇ ಹೊದಿಕೆಗೆ ಇಬ್ಬರೂ ಕಿತ್ತಾಡಿದ್ದು, ಕೊನೆಗೆ ಅಕ್ಕನೇ ಬಿಟ್ಟುಕೊಟ್ಟು ಚಳಿಯಲ್ಲಿ ಮಲಗಿದ್ದು ಬಂತು. ದನಿ ಸೀಳಿತು. ಮುಂದಿನ ಮಾತಿಗಾಗಿ ಒಂದು ಗಳಿಗೆ ತಡಕಾಡಿದಳು. ಸುತ್ತ ಕೂತ ಹೆಂಗಸರು ಮುಖ ಮುಖ ನೋಡಿಕೊಂಡರು. ಯಾರ ಕಣ್ಣೂ ಒದ್ದೆಯಾಗಿರಲಿಲ್ಲ.

"ಅದಲ್ಲ ಕಣಮ್ಮ," ಎಂದು ಪಕ್ಕದ ಮನೆಯಾಕೆ ಮೆಲ್ಲಗೆ ನೆನಪಿಸಿದಳು. "ಬೆಳಿಗ್ಗೆ ಹೋದ ಕಂದ ಅಂತ ಬರುತ್ತೆ." ಆಮೇಲೆ ತಾನೇ ಎತ್ತಿಕೊಂಡಳು.

ಒಬ್ಬೊಬ್ಬರಾಗಿ ಎಲ್ಲರೂ ಸೇರಿದರು. ಕೀಬೋರ್ಡು ಬರುವ ಕಡೆ ಸುಮ್ಮನಾಗಿ, ಅದು ಮುಗಿಯುವಷ್ಟು ಹೊತ್ತು ಕಾದು, ಮತ್ತೆ ಎತ್ತಿದರು. ಬೆಳಗಿನಿಂದ ಹನಿ ಕಣ್ಣೀರು ಹಾಕದ ಅಕ್ಕನ ಮಗಳು ತಾಯಿಯ ಎದೆಯ ಮೇಲೆ ಬಿದ್ದು, ಕಂದ, ಕಂದ ಎಂದು ಬಿಕ್ಕಿದಳು.

ಅದನ್ನು ಬೇಡ ಅನ್ನುವುದು ಹೇಗೆ? ಅವಳು ಕಣ್ಣು ಮುಚ್ಚಿ ಅಕ್ಕನ ಹಾಡು ಹುಡುಕಿದಳು. ಸಿಕ್ಕಲಿಲ್ಲ. ಲಾರಿ, ರಸ್ತೆ, ಮಗನ ಒಂಟಿ ಚಪ್ಪಲಿ ಮಾತ್ರ ಕಂಡವು. ಯಾವಾಗಲೋ ಅವಳ ಬಾಯಿಯೂ ಅವರ ಜೊತೆ ಆಡತೊಡಗಿತ್ತು.

ಗಂಡಸರು ಬಂದು ಹೆಣ ಎತ್ತಿದರು. ಅಕ್ಕನ ಮಗಳು ಅವಳ ಕೈ ಹಿಡಿದುಕೊಂಡಳು.

"ಅಮ್ಮಂಗೆ ಚೆನ್ನಾಗಿ ಹಾಡ್ದೆ, ಚಿಕ್ಕಮ್ಮ."

ಅವಳು ತಲೆಯಾಡಿಸಿದಳು. ಕೆಳಗೆ ಬೀದಿಯಲ್ಲಿ ಹೆಣ ಇಟ್ಟ ವ್ಯಾನಿನ ಬಾಗಿಲು ಸರಿಯಾಗಿ ಕೂರಲಿಲ್ಲ. ಯಾರೋ ಅದನ್ನು ಮತ್ತೆ ತೆಗೆದು, ಜೋರಾಗಿ ಎಳೆದು ಹಾಕಿದರು.